ಹೊಲದ ಶೆಡ್‌ಗೆ ಯಾವ ಪತ್ರಾಸ್: ಜಿಐ ಅಥವಾ ಅಲ್ಯೂಮಿನಿಯಂ?

ಯಾದಗಿರಿ ಕಡೆ ಹೊಲದಲ್ಲಿ ಶೆಡ್ ಹಾಕುವವರಿಗೆ ನಾನು ಹೇಳುವುದು ಜಿಐ ಪತ್ರಾಸ್. ಒಳಗೆ ಉಕ್ಕು, ಮೇಲೆ ಸತುವಿನ ಲೇಪ. ಸತು ಕಬ್ಬಿಣಕ್ಕಿಂತ ಚುರುಕು ಲೋಹ, ಅಂದರೆ ಗಾಳಿ, ನೀರಿನ ಜೊತೆ ಬೇಗ ಪ್ರತಿಕ್ರಿಯಿಸುವಂಥದ್ದು. ಹಾಗಾಗಿ ಸಣ್ಣ ಗೀರು ಬಿದ್ದರೂ ಮೊದಲು ಸವೆಯುವುದು ಸತು. ಅದು ಮುಗಿದ ಮೇಲೆಯೇ ಕೆಂಪು ತುಕ್ಕು ಶುರು.

ಅಲ್ಯೂಮಿನಿಯಂ ಸತುವಿಗಿಂತಲೂ ಚುರುಕು. ಆದರೂ ಬೇಗ ಹಾಳಾಗುವುದಿಲ್ಲ, ವಿಚಿತ್ರ ಅಲ್ವಾ? ಗಾಳಿ ತಾಗಿದ ಕೂಡಲೇ ಮೇಲೊಂದು ತೆಳು ಆಕ್ಸೈಡ್ ಪದರ ಕಟ್ಟುತ್ತದೆ. ಅದೇ ಅದಕ್ಕೆ ರಕ್ಷಣೆ. ಹಗುರವೂ ಹೌದು, ಸಾಂದ್ರತೆ ಉಕ್ಕಿನ ಸುಮಾರು ಮೂರನೇ ಒಂದು ಪಾಲು. ಬೆಲೆ ಮಾತ್ರ ಜಾಸ್ತಿ. ಹಸಿ ಸಿಮೆಂಟ್, ಸುಣ್ಣ ತಾಗಿದರೆ ಆ ಪದರ ಕರಗುತ್ತದೆ. ತಾಮ್ರದ ತಂತಿಯಿಂದ ಅಂತೂ ಕಟ್ಟಲೇಬೇಡಿ. ಮಳೆಗಾಲದಲ್ಲಿ ತಂತಿ ತಾಗಿದ ಜಾಗವೇ ಮೊದಲು ತೂತಾಗುತ್ತದೆ.

ಆಗಾಗ ಬಿಚ್ಚಿ ಬೇರೆ ಹೊಲಕ್ಕೆ ಒಯ್ಯುವ ಶೆಡ್ ಆದರೆ ಅಲ್ಯೂಮಿನಿಯಂ ನೋಡಬಹುದು.