ಮೂರು ಬಾಲಿನ ಸ್ಪೈರೋಮೀಟರ್: ಹನ್ನೊಂದು ತಿಂಗಳಾದ ಮೇಲೆ

ಕಳೆದ ವರ್ಷ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಯ್ತು. ಮನೆಗೆ ಕಳಿಸುವಾಗ ಮಾತ್ರೆ ಚೀಟಿಯ ಕೊನೆಗೆ ಉಸಿರಿನ ವ್ಯಾಯಾಮ ಮಾಡಿಸುವ ಈ ಸ್ಪೈರೋಮೀಟರನ್ನೂ ಬರೆದುಕೊಟ್ಟರು. ಕೋಲಾರ ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್‌ನಲ್ಲಿ 350 ರೂಪಾಯಿ. ಒಂದು ಲೈನಿಂಗ್ ಬ್ಲೌಸಿನ ಕೂಲಿ ಹೋಯ್ತು ಅಂದುಕೊಂಡೇ ತಂದೆ. ಮೂರು ಕೊಳವೆ, ಒಂದೊಂದರಲ್ಲೂ ಒಂದು ಬಾಲು, ಬಾಯಿಗಿಡೋಕೆ ಒಂದು ಪೈಪು. ನೋಡಿದರೆ ಜಾತ್ರೆ ಆಟಿಕೆ ಥರ ಇದೆ.

ಮೊದಲ ದಿನ ಜೋರಾಗಿ ಊದಿದೆ. ಬಾಲು ಅಲ್ಲಾಡಲಿಲ್ಲ. "ಊದೋದಲ್ಲಮ್ಮ, ಎಳ್ಕೋಬೇಕು" ಅಂತ ಮಗಳು ನಕ್ಕಳು.

ಆಮೇಲೆ ರೂಢಿ ಆಯ್ತು. ಬೆಳಿಗ್ಗೆ ಹಾಲು ಸಣ್ಣ ಉರಿಯಲ್ಲಿಟ್ಟು ಹೊಲಿಗೆ ಮಿಷನ್ ಸ್ಟೂಲಿನ ಮೇಲೆ ನೆಟ್ಟಗೆ ಕೂರುತ್ತೇನೆ. ಶುರುವಿನಲ್ಲಿ ಆಪರೇಷನ್ ಹೊಲಿಗೆ ಎಳೆಯುತ್ತಿತ್ತು, ಹೊಟ್ಟೆಗೆ ದಿಂಬು ಒತ್ತಿಕೊಳ್ಳುತ್ತಿದ್ದೆ. ಉಸಿರು ಬಿಟ್ಟು, ಪೈಪು ಕಚ್ಚಿ ಎಳೆದರೆ ಟಕ್, ಟಕ್, ಟಕ್. ಮೂರನೇ ಟಕ್ ಕೇಳೋಕೆ ನನಗೆ ಮೂರು ವಾರ ಬೇಕಾಯ್ತು. ಹತ್ತು ಸಲ ಮುಗಿಯುವಷ್ಟರಲ್ಲಿ ಹಾಲು ಉಕ್ಕೋಕೆ ಬಂದಿರುತ್ತಿತ್ತು. ಸರಿಯಾದ ಲೆಕ್ಕ!

ಈಗ ಸಿಟ್ಟಿನ ವಿಷಯ. ಕೊಳವೆಗಳ ಮೇಲೆ 600, 900, 1200 ಅಂತ ದಪ್ಪಗೆ ಬರೆದಿದ್ದಾರೆ. ಬಟ್ಟೆ ಕೊಡೋಕೆ ಬಂದವರಿಗೆಲ್ಲ "ನನ್ನ ಶ್ವಾಸಕೋಶ 1200 ಮಿಲೀ ಹಿಡಿಯುತ್ತೆ" ಅಂತ ಜಂಬ ಕೊಚ್ಚಿದ್ದೇ ಕೊಚ್ಚಿದ್ದು. ಒಂದು ದಿನ ಮಗಳು ಪಿಯುಸಿ ಬಯಾಲಜಿ ಪುಸ್ತಕ ತಂದು ತೋರಿಸಿದಳು. ಪೂರ್ತಿ ಉಸಿರು ಬಿಟ್ಟ ಮೇಲೂ ಒಳಗೇ ಉಳಿಯುವ ಗಾಳಿಯೇ 1100ರಿಂದ 1200 ಮಿಲೀ ಅಂತೆ! ಕನ್ನಡಕ ಹಾಕಿಕೊಂಡು ಕೊಳವೆ ನೋಡಿದೆ. ಅಂಕಿಯ ಪಕ್ಕ ಇರುವೆಯಷ್ಟು ಅಕ್ಷರದಲ್ಲಿ 'ಸೆಕೆಂಡಿಗೆ' ಅಂತಿದೆ. ಅಂದರೆ ಇದು ಗಾಳಿ ಎಷ್ಟು ಹೋಯ್ತು ಅಂತ ಹೇಳಲ್ಲ, ಎಷ್ಟು ಜೋರಾಗಿ ಹೋಯ್ತು ಅಂತ ಹೇಳುತ್ತೆ. ಮೂರೂ ಬಾಲು ಹಾರಿಸಿ ಅರ್ಧ ಸೆಕೆಂಡಿಗೆ ಬಿಟ್ಟರೆ ಒಳಗೆ ಹೋಗೋದು ಸುಮಾರು 600 ಮಿಲೀ. ಒಂದೇ ಬಾಲನ್ನು ಮೂರು ಸೆಕೆಂಡ್ ನಿಲ್ಲಿಸಿದರೆ 1800. ಇಷ್ಟು ತಿಂಗಳು ನಾನು ಬಾಲು ಹಾರಿಸುವ ಆಟ ಆಡಿದ್ದೆ ಅಷ್ಟೇ.

ಹಾಗಾದ್ರೆ ನನ್ನ ಅಳತೆ ಎಷ್ಟು? ಅಳತೆ ನನ್ನ ಕಸುಬು, ಬಿಡ್ತೀನಾ? ಎದೆಗೆ ಟೇಪು ಸುತ್ತಿದೆ. ಉಸಿರು ಬಿಟ್ಟಾಗ 34 ಇಂಚು, ಎಳೆದಾಗ 35 ಕಾಲು. ಆದರೆ ಎದೆ ಮಾತ್ರ ಹಿಗ್ಗೋದಲ್ಲ. ಕೆಳಗೆ ವಪೆ ಅನ್ನೋ ಸ್ನಾಯು ಇಳಿದು ಒಳಗೆ ಜಾಗ ಮಾಡುತ್ತೆ, ಒತ್ತಡ ಕಡಿಮೆಯಾಗಿ ಗಾಳಿ ನುಗ್ಗುತ್ತೆ. ಅದು ಟೇಪಿಗೆ ಸಿಗಲ್ಲ.

ಭಾನುವಾರ ಮಗಳು ಐದು ಲೀಟರ್ ಎಣ್ಣೆ ಕ್ಯಾನಿಗೆ ಅರ್ಧರ್ಧ ಲೀಟರ್ ನೀರು ಹಾಕುತ್ತಾ ಗೆರೆ ಎಳೆದಳು. ತುಂಬಿಸಿ ಟಬ್ಬಿನ ನೀರಲ್ಲಿ ಬೋರಲು ಹಿಡಿದು, ಪೈಪು ತೂರಿಸಿ "ಈಗ ಊದು" ಅಂದಳು. ಗುಳುಗುಳು ಅಂತ ಎರಡೂವರೆ ಲೀಟರ್ ನೀರು ಕೆಳಗಿಳಿಯಿತು. ಬಚ್ಚಲೆಲ್ಲ ಒದ್ದೆ. ಅವಳದು ಮೂರು. ನಮ್ಮ ಕ್ಯಾನು ಹೊಸದೇನಲ್ಲ. 1846ರಲ್ಲಿ ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ ನೀರಲ್ಲಿ ಬೋರಲು ಹಾಕಿದ ಪಾತ್ರೆಯಿಂದಲೇ ಎರಡು ಸಾವಿರಕ್ಕೂ ಜಾಸ್ತಿ ಜನರ ಉಸಿರು ಅಳೆದ ಲೆಕ್ಕ ಪ್ರಕಟಿಸಿದ್ದ. ಎತ್ತರ ಇದ್ದಷ್ಟೂ ಉಸಿರು ಜಾಸ್ತಿ ಅಂತ ಕಂಡುಕೊಂಡ. ನಾನು ನಾಲ್ಕು ಅಡಿ ಹನ್ನೊಂದಿಂಚು, ಮಗಳು ನನಗಿಂತ ಒಂದು ಗೇಣು ಎತ್ತರ. ಅವಳಿಗಿಂತ ಕಡಿಮೆ ಅಂತ ಸುಮ್ನೆ ಬೇಜಾರು ಮಾಡ್ಕೊಂಡಿದ್ದೆ ಅಲ್ವಾ!

ಹಾಗಂತ ಎಸೆಯಲಿಲ್ಲ. ಈಗ ಮೂರನೇ ಬಾಲಿನ ಕಡೆ ನೋಡಲ್ಲ. ಮೊದಲನೆಯದನ್ನು ಮೇಲೆ ನಿಲ್ಲಿಸಿ ಎಣಿಸುತ್ತೇನೆ, ತಲೆ ಜುಮ್ಮೆಂದರೆ ನಿಲ್ಲಿಸುತ್ತೇನೆ. ಮಳೆಗಾಲದಲ್ಲಿ ನಡುವಿನ ಬಾಲು ಅಂಟಿಕೊಳ್ಳುತ್ತೆ, ಬೆರಳಲ್ಲಿ ತಟ್ಟಬೇಕು. ಬಾಯಿಗಿಡೋ ತುದಿ ದಿನಾ ತೊಳೆಯಿರಿ. ಕಾರ್ತಿಕದಲ್ಲಿ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತಿದೆ. ಎರಡು ಕಡೆ ಕೂತೆ, ಹೋದ ಸಲ ಐದು ಕಡೆ ಕೂತಿದ್ದೆ. 350ಕ್ಕೆ ಮೋಸ ಇಲ್ಲ, ಆ ಅಂಕಿ ನಂಬಬೇಡಿ ಅಷ್ಟೇ.

ಒಂದೇ ತೊಂದರೆ. ನಿಧಾನಕ್ಕೆ ಎಳೆಯೋಕೆ ಶುರು ಮಾಡಿದ ಮೇಲೆ, ಏಳನೇ ಸಲಕ್ಕೇ ಹಾಲು ಉಕ್ಕಿಬಿಡುತ್ತೆ.