ಉಸಿರಾಟದ ತೊಂದರೆಗೆ ಮನೆಯಲ್ಲೇ ಉಪಶಾಮಕ ಆರೈಕೆ: ಒಂದು ಸೇವೆಯ ವಿಮರ್ಶೆ

ಶ್ವಾಸಕೋಶದ ಕ್ಯಾನ್ಸರ್ ಉಲ್ಬಣಿಸಿದ್ದ ತಂದೆಯವರಿಗಾಗಿ, ಮನೆಗೇ ಬಂದು ಉಪಶಾಮಕ ಆರೈಕೆ (ಗಂಭೀರ ಕಾಯಿಲೆಯ ನೋವು, ಸಂಕಟಗಳನ್ನು ತಗ್ಗಿಸುವ ಆರೈಕೆ) ನೀಡುವ ನರ್ಸ್‌ಗಳ ಸೇವೆಯನ್ನು ಪಡೆದಿದ್ದೆವು. ನನಗೆ ಬಹಳ ಹಿಡಿಸಿದ್ದು ಅವರು ತೊಂದರೆಯನ್ನು ಅಳೆದ ರೀತಿ. ರಕ್ತದ ಆಮ್ಲಜನಕವನ್ನು ಅಳೆಯಲು ಬೆರಳಿಗೆ ಹಾಕುವ ಆಕ್ಸಿಮೀಟರ್ ಸರಿಯಾದ ಅಂಕಿ ತೋರಿಸುತ್ತಿದ್ದರೂ ರೋಗಿಗೆ ಉಸಿರು ಕಟ್ಟಿದಂತೆ ಅನಿಸಬಹುದು ಎಂದು ವಿವರಿಸಿ, 0ಯಿಂದ 10ರ ಮಾಪನದಲ್ಲಿ ಎಷ್ಟು ಕಷ್ಟವಾಗುತ್ತಿದೆ ಎಂಬುದನ್ನು ಅವರು ತಂದೆಯವರನ್ನೇ ಕೇಳುತ್ತಿದ್ದರು.

ಮೇಜಿನ ಮೇಲೆ ದಿಂಬಿಟ್ಟು ಮುಂದಕ್ಕೆ ಬಾಗಿ ಕೂರಿಸುವುದು, ತುಟಿಗಳನ್ನು ಕಿರಿದಾಗಿಸಿ ನಿಧಾನವಾಗಿ ಉಸಿರು ಬಿಡಿಸುವುದು, ಕೈಯಲ್ಲಿ ಹಿಡಿಯುವ ಪುಟ್ಟ ಫ್ಯಾನಿನ ಗಾಳಿಯನ್ನು ಮೂಗು ಮತ್ತು ಕೆನ್ನೆಗಳತ್ತ ತಿರುಗಿಸುವುದು, ಇವೆಲ್ಲವನ್ನೂ ಔಷಧಕ್ಕಿಂತ ಮೊದಲೇ ಕಲಿಸಿದರು. ಮುಖದ ನರಗಳಿಗೆ ತಂಪು ಗಾಳಿ ತಾಗಿದಾಗ ಏದುಸಿರಿನ ಅನುಭವ ತಗ್ಗುತ್ತದೆ. ಇಷ್ಟು ಅಗ್ಗದ ಉಪಾಯವನ್ನು ಯಾರೂ ಮೊದಲೇ ಹೇಳಿರಲಿಲ್ಲವೆಂಬುದು ಬೇರೆ ಮಾತು. ರಕ್ತದಲ್ಲಿ ಆಮ್ಲಜನಕ ಕಡಿಮೆಯಿಲ್ಲದವರಿಗೆ ಸಿಲಿಂಡರಿನಿಂದ ಹೆಚ್ಚಿನ ಪ್ರಯೋಜನವಿಲ್ಲವೆಂದು ತಿಳಿಸಿ, ಅನಗತ್ಯ ಬಾಡಿಗೆಯನ್ನೂ ತಪ್ಪಿಸಿದರು.

ವೈದ್ಯರು ಕಡಿಮೆ ಪ್ರಮಾಣದಲ್ಲಿ ಮಾರ್ಫಿನ್ ಎಂಬ ಪ್ರಬಲ ನೋವುನಿವಾರಕವನ್ನು ಬರೆದುಕೊಟ್ಟಾಗ ನಾವು ಹೆದರಿದ್ದೆವು. ಅದು ಉಸಿರಾಟದ ಸಂಕಟದ ಅರಿವನ್ನು ತಗ್ಗಿಸುತ್ತದೆಂದು ನರ್ಸ್ ತಾಳ್ಮೆಯಿಂದ ತಿಳಿಸಿದ್ದಲ್ಲದೆ, ಮಲಬದ್ಧತೆಗೆ ಔಷಧವನ್ನು ಜೊತೆಯಲ್ಲೇ ಆರಂಭಿಸುವಂತೆ ನೋಡಿಕೊಂಡರು, ಅತಿಯಾದ ಮಂಪರನ್ನು ಗುರುತಿಸುವ ಬಗೆಯನ್ನೂ ಬರೆದಿಟ್ಟರು.

ಕೊರತೆಯೆಂದರೆ ರಾತ್ರಿಯ ದೂರವಾಣಿ ಸಹಾಯ. ಭಯ ಮತ್ತು ಏದುಸಿರು ಒಂದನ್ನೊಂದು ಹೆಚ್ಚಿಸುವುದು ಆ ಹೊತ್ತಿನಲ್ಲೇ. ಆಗ ಕರೆಗೆ ಉತ್ತರ ತಡವಾಗಿ ಸಿಗುತ್ತಿತ್ತು. ಸೇವೆ ಪಡೆಯುವವರು ಈ ವಿಷಯವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು.