ಮಕ್ಕಳ ಕಂಪ್ಯೂಟರ್, ಎಂಟು ವರ್ಷದ ಲಿನಕ್ಸ್: ಕಲಿಕೆಯ ಪ್ಯಾಕೇಜುಗಳನ್ನು ಬಳಸಿದ ಅನುಭವ

ನಮ್ಮ ಮನೆಯಲ್ಲಿ ಮಕ್ಕಳಿಗೆಂದೇ ಒಂದು ಹಳೆಯ ಲ್ಯಾಪ್‌ಟಾಪ್ ಇದೆ. ಎಂಟು ವರ್ಷದಿಂದ ಅದರಲ್ಲಿ ಲಿನಕ್ಸ್ (ವಿಂಡೋಸ್ ಹಾಗೆ ಕಂಪ್ಯೂಟರ್ ನಡೆಸುವ ವ್ಯವಸ್ಥೆ) ಓಡುತ್ತಿದೆ. ಮಗಳು ಮೊದಲ ಸಲ ಅದರ ಮುಂದೆ ಕೂತಾಗ ಅವಳಿಗೆ ಮೂರು ವರ್ಷ. ಈಗ ಅವಳಿಗೆ ಹನ್ನೊಂದು, ಅವಳ ತಮ್ಮನಿಗೆ ಆರು. ಈ ನಡುವೆ ಡಿಸ್ಟ್ರೋ (ಲಿನಕ್ಸಿನ ಒಂದೊಂದು ಬಗೆ) ಮೂರು ಸಲ ಬದಲಾಯಿತು, ಹಾರ್ಡ್ ಡಿಸ್ಕ್ ಒಂದು ಸಲ.

ಮಕ್ಕಳ ಆಟಗಳು ಹೇಗಿವೆ ಅಂತ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಬೇಕೆಂದಿರುವುದು ಆ ಆಟಗಳು ನಮ್ಮ ಕಂಪ್ಯೂಟರಿಗೆ ಬಂದು ಸೇರುವ ಬಗೆಯನ್ನು, ಅಂದರೆ ಪ್ಯಾಕೇಜುಗಳನ್ನು. ಪ್ಯಾಕೇಜ್ ಅಂದರೆ ಒಂದು ಪ್ರೋಗ್ರಾಂ ಇನ್‌ಸ್ಟಾಲ್ ಮಾಡಲು ಬೇಕಾದ್ದನ್ನು ಕಟ್ಟಿಟ್ಟ ಗಂಟು. ಪ್ರೋಗ್ರಾಂ ತೆರೆಯದಿದ್ದರೆ ದೊಡ್ಡವರು ಎರರ್ ಓದುತ್ತಾರೆ, ಹುಡುಕುತ್ತಾರೆ, ಹೇಗೋ ಸರಿಮಾಡಿಕೊಳ್ಳುತ್ತಾರೆ. ಮೂರು ವರ್ಷದ ಮಗು ಎರಡು ಸಲ ಕ್ಲಿಕ್ ಮಾಡಿ ನೋಡುತ್ತದೆ. ಏನೂ ಆಗದಿದ್ದರೆ ಎದ್ದು ಹೋಗುತ್ತದೆ. ಮತ್ತೆ ಅದನ್ನು ಕರೆದು ಕೂರಿಸುವುದು ಕಷ್ಟ. ಹಾಗಾಗಿ ಆಟ ಎಷ್ಟು ಚೆನ್ನಾಗಿದೆ ಅನ್ನುವಷ್ಟೇ ಅದನ್ನು ಎಷ್ಟು ಚೆನ್ನಾಗಿ ಕಟ್ಟಿ ಕೊಟ್ಟಿದ್ದಾರೆ ಅನ್ನುವುದೂ ಮುಖ್ಯ.

ಶುರು ಮಾಡಿದ್ದು ಡೆಬಿಯನ್ ಅನ್ನುವ ಡಿಸ್ಟ್ರೋದಿಂದ. ಅದಕ್ಕೆ ಕಾರಣ ಅದರ ಮೆಟಾಪ್ಯಾಕೇಜುಗಳು. ಮೆಟಾಪ್ಯಾಕೇಜಿನೊಳಗೆ ಯಾವ ಪ್ರೋಗ್ರಾಮೂ ಇರುವುದಿಲ್ಲ. ಬೇರೆ ಪ್ಯಾಕೇಜುಗಳ ಪಟ್ಟಿ ಮಾತ್ರ ಇರುತ್ತದೆ. ಅದೊಂದನ್ನು ಹಾಕಿದರೆ ಪಟ್ಟಿಯಲ್ಲಿರುವುದೆಲ್ಲ ಬರುತ್ತದೆ. ಶಾಲೆಗೆ ಹೋಗುವ ಮುಂಚಿನ ಮಕ್ಕಳಿಗೆ ಒಂದು, ಪ್ರಾಥಮಿಕ ಶಾಲೆಯವರಿಗೆ ಒಂದು, ಗಣಿತಕ್ಕೆ, ಭೂಗೋಳಕ್ಕೆ ಬೇರೆ ಬೇರೆ. ಇದರ ಹಿಂದೆ ದೊಡ್ಡ ಕೆಲಸ ಇದೆ. ಮಕ್ಕಳಿಗಾಗಿ ಡೆಬಿಯನ್ ಜೂನಿಯರ್ ಅನ್ನುವ ಯೋಜನೆ 2000ದಲ್ಲಿ ಶುರುವಾಯಿತು. 2001ರಲ್ಲಿ ನಾರ್ವೆಯಲ್ಲಿ ಶಾಲೆಗಳಿಗೆಂದು ಸ್ಕೋಲೆಲಿನಕ್ಸ್ ಹುಟ್ಟಿತು. ಅದೇ ಈಗ ಡೆಬಿಯನ್ ಎಜು. ಉಬುಂಟು ಅನ್ನುವ ಇನ್ನೊಂದು ಡಿಸ್ಟ್ರೋ ಕಡೆಯಿಂದ 2005ರಲ್ಲಿ ಎಜುಬುಂಟು ಬಂತು. 2014ರ ಆವೃತ್ತಿಯ ನಂತರ ಅದು ನಿಂತುಹೋಯಿತು, 2023ರಲ್ಲಿ ಮತ್ತೆ ಶುರುವಾಯಿತು. ನಿಂತಿದ್ದನ್ನು ಯಾರೋ ಎತ್ತಿಕೊಂಡು ಮತ್ತೆ ನಡೆಸುತ್ತಿದ್ದಾರೆ ಅನ್ನುವುದೇ ನನಗೆ ದೊಡ್ಡ ಸಂತೋಷ.

ಪಟ್ಟಿಯನ್ನು ಹೇಗೆ ಬರೆದಿದ್ದಾರೆ ಅನ್ನುವುದರಲ್ಲೂ ಒಂದು ಸೂಕ್ಷ್ಮ ಇದೆ. ಡೆಬಿಯನ್ ಎಜು ಪಟ್ಟಿಯಲ್ಲಿ ಹೆಚ್ಚಿನವು 'ಡಿಪೆಂಡ್ಸ್' (ಇರಲೇಬೇಕು) ಅಲ್ಲ, 'ರೆಕಮೆಂಡ್ಸ್'. ಅಂದರೆ ಇವು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಬೇಡವಾದ ಒಂದು ಆಟ ತೆಗೆದರೆ ಉಳಿದವು ಹಾಗೇ ಇರುತ್ತವೆ. ನಾನು ಆಮೇಲೆ ಬಳಸಿದ ಇನ್ನೊಂದು ಡಿಸ್ಟ್ರೋದಲ್ಲಿ ಹೀಗಿರಲಿಲ್ಲ. ಮಗಳು ಹೆದರುತ್ತಾಳೆ ಅಂತ ಒಂದೇ ಒಂದು ಆಟ ತೆಗೆದೆ. ಅದರ ಜೊತೆಗೆ ಮೆಟಾಪ್ಯಾಕೇಜೂ ಹೋಯಿತು. ಮುಂದಿನ ವಾರ ಬೇಡದ ಪ್ಯಾಕೇಜುಗಳನ್ನು ಗುಡಿಸುವ ಕಮಾಂಡ್ ಕೊಟ್ಟಾಗ, ಉಳಿದ ಎಲ್ಲ ಆಟಗಳನ್ನೂ ತೆಗೆಯಲೇ ಅಂತ ಕೇಳಿತು. ಪಟ್ಟಿ ಪೂರ್ತಿ ಓದದೆ ಹೂಂ ಅಂದಿದ್ದೆ. ಮರುದಿನ ಬೆಳಿಗ್ಗೆ ಮೆನು ಖಾಲಿ. ಆ ಮೇಲೆ, ಮಕ್ಕಳಿಗೆ ಬೇಕಾದ ಪ್ಯಾಕೇಜುಗಳನ್ನು 'ಕೈಯಾರೆ ಹಾಕಿದ್ದು' ಅಂತ ಗುರುತು ಮಾಡಿಡುವುದು ಅಭ್ಯಾಸವಾಯಿತು. ನೀವೂ ಮಾಡಿ, ಒಂದೇ ಕಮಾಂಡ್ ಸಾಕು.

ಮನೆಯಲ್ಲಿ ಅತಿ ಜಾಸ್ತಿ ಓಡಿದ್ದು ಜಿಕಾಂಪ್ರಿ. ಹೆಸರನ್ನು ಫ್ರೆಂಚರು ಹೇಳಿದರೆ 'ನನಗೆ ಅರ್ಥವಾಯಿತು' ಅನ್ನುವ ಹಾಗೆ ಕೇಳಿಸುತ್ತದೆ. ಬ್ರೂನೋ ಕುದ್ವಾ 2000ದಲ್ಲಿ ಶುರು ಮಾಡಿದ ಪ್ರೋಗ್ರಾಂ ಇದು. ಎರಡರಿಂದ ಹತ್ತು ವರ್ಷದವರಿಗೆ ನೂರಕ್ಕೂ ಹೆಚ್ಚು ಚಟುವಟಿಕೆಗಳಿವೆ. ಮೌಸ್ ಹಿಡಿಯುವುದರಿಂದ ಹಿಡಿದು ಚೆಸ್‌ವರೆಗೆ. ನಕ್ಷತ್ರಗಳಿಂದ ಮಟ್ಟ ಗೊತ್ತಾಗುತ್ತದೆ: ಒಂದರಿಂದ ಮೂರು ಹಳದಿ ನಕ್ಷತ್ರ ಚಿಕ್ಕವರಿಗೆ, ಒಂದರಿಂದ ಮೂರು ಕೆಂಪು ನಕ್ಷತ್ರ ದೊಡ್ಡವರಿಗೆ. 2014ರಿಂದ ಇದನ್ನು ಕ್ಯೂಟಿ ಅನ್ನುವ ಪ್ರೋಗ್ರಾಮಿಂಗ್ ಸಲಕರಣೆ ಬಳಸಿ ಹೊಸದಾಗಿ ಬರೆದರು, ಮುಕ್ತ ತಂತ್ರಾಂಶ ಬರೆಯುವ ಕೆಡಿಇ ಬಳಗಕ್ಕೆ ಸೇರಿಸಿದರು.

ಪ್ಯಾಕೇಜ್ ಕಣ್ಣಿನಿಂದ ನೋಡಿದರೆ ಜಿಕಾಂಪ್ರಿಯಲ್ಲಿ ತಿಳಿದಿರಬೇಕಾದ ಸಂಗತಿ ಧ್ವನಿ. ಅಕ್ಷರ, ಅಂಕಿ, ಸೂಚನೆಗಳನ್ನು ಓದಿ ಹೇಳುವ ಧ್ವನಿಗಳು ಪ್ರತಿ ಭಾಷೆಗೂ ಬೇರೆ ಬೇರೆ. ಎಲ್ಲ ಭಾಷೆಯದನ್ನೂ ತುಂಬಿದರೆ ಪ್ಯಾಕೇಜ್ ಬಹಳ ದೊಡ್ಡದಾಗುತ್ತದೆ. ಹಾಗಾಗಿ ಡೆಬಿಯನ್‌ನಲ್ಲಿ ಪ್ರೋಗ್ರಾಂ ಒಂದು ಪ್ಯಾಕೇಜ್, ಚಿತ್ರಗಳಂಥ ಸಾಮಗ್ರಿ ಇನ್ನೊಂದು ಪ್ಯಾಕೇಜ್. ಧ್ವನಿಯನ್ನು ಮಾತ್ರ ಪ್ರೋಗ್ರಾಂ ತಾನೇ ನೆಟ್‌ನಿಂದ ಇಳಿಸಿಕೊಳ್ಳುತ್ತದೆ. ಕಾರಣ ಸರಿಯಾಗೇ ಇದೆ. ಆದರೆ ನೆಟ್ ಇಲ್ಲದ ಕಂಪ್ಯೂಟರಿನಲ್ಲಿ ಅಕ್ಷರ ಕಲಿಯುವ ಆಟ ಮೂಕವಾಗುತ್ತದೆ. ಇಳಿದ ಧ್ವನಿ ಬಳಕೆದಾರರ ಕ್ಯಾಶ್ (ತಾತ್ಕಾಲಿಕ ಸಂಗ್ರಹದ) ಫೋಲ್ಡರಿನಲ್ಲಿ ಕೂರುತ್ತದೆ. ಮಗಳಿಗೊಂದು, ಮಗನಿಗೊಂದು ಖಾತೆ ಇದ್ದರೆ ಎರಡು ಸಲ ಇಳಿಸಬೇಕು. ಜಾಗ ಉಳಿಸೋಣ ಅಂತ ಕ್ಯಾಶ್ ಅಳಿಸಿದರೆ ಧ್ವನಿಯೂ ಹೋಗುತ್ತದೆ. ಒಂದು ಶಾಲೆಯ ಹತ್ತು ಕಂಪ್ಯೂಟರಿಗೆ ಇದನ್ನು ಹಾಕಿಕೊಟ್ಟಾಗ ಮನೆಯಲ್ಲೇ ಒಂದು ಯಂತ್ರದಲ್ಲಿ ಧ್ವನಿ ಇಳಿಸಿದೆ. ಆ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ಒಯ್ದು ಎಲ್ಲದಕ್ಕೂ ನಕಲು ಮಾಡಿದೆ. ಕೆಲಸ ಆಯಿತು. ಆದರೂ ಒಂದೊಂದು ಭಾಷೆಯ ಧ್ವನಿಗೂ ಒಂದು ಪುಟ್ಟ ಪ್ಯಾಕೇಜ್ ಇದ್ದಿದ್ದರೆ ಎಷ್ಟು ಸುಲಭ ಆಗುತ್ತಿತ್ತು ಅಲ್ವಾ? ಪ್ಯಾಕೇಜ್ ಮಾಡುವವರಲ್ಲಿ ಕೇಳಿಕೊಳ್ಳುವುದು ಒಂದೇ ಇದ್ದರೆ, ನಾನು ಕೇಳುವುದು ಇದನ್ನೇ.

ಶಾಲೆಯ ಕಂಪ್ಯೂಟರುಗಳಲ್ಲಿ ಜಿಕಾಂಪ್ರಿಯ ಇನ್ನೆರಡು ಸೌಲಭ್ಯಗಳು ಉಪಯೋಗಕ್ಕೆ ಬಂದವು. ಕಿಯೋಸ್ಕ್ ಮೋಡ್‌ನಲ್ಲಿ ತೆರೆದರೆ ಮುಚ್ಚುವ ಬಟನ್, ಸೆಟ್ಟಿಂಗ್ ಬಟನ್ ಕಾಣುವುದಿಲ್ಲ. ಗ್ರಾಫಿಕ್ಸ್ ಕೈಕೊಡುವ ಹಳೆ ಯಂತ್ರಕ್ಕೆ, ಗ್ರಾಫಿಕ್ಸ್ ಚಿಪ್ಪಿನ ನೆರವಿಲ್ಲದೆ ಚಿತ್ರ ಮೂಡಿಸುವ ಸಾಫ್ಟ್‌ವೇರ್ ರೆಂಡರರ್ ಆಯ್ಕೆ ಇದೆ. ಸ್ವಲ್ಪ ನಿಧಾನ ಆಗುತ್ತದೆ, ಆದರೆ ತೆರೆಯುತ್ತದೆ. ಎರಡಕ್ಕೂ ಕಮಾಂಡ್ ಸಾಲಿನಲ್ಲಿ ಒಂದು ಪದ ಸೇರಿಸಿದರೆ ಸಾಕು. ಆ ಪದವನ್ನು ಮೆನುವಿನ ಐಕಾನಿಗೇ ಸೇರಿಸಿಟ್ಟೆ.

ಟಕ್ಸ್ ಪೇಂಟ್‌ದು ಬೇರೆಯೇ ಕಥೆ. 2002ರಲ್ಲಿ ಬಿಲ್ ಕೆಂಡ್ರಿಕ್ ಶುರು ಮಾಡಿದ ಈ ಬಣ್ಣದ ಪ್ರೋಗ್ರಾಂ ನನ್ನ ಇಬ್ಬರೂ ಮಕ್ಕಳಿಗೆ ಪ್ರಾಣ. ಡೆಬಿಯನ್‌ನಲ್ಲಿ ಇದನ್ನು ಹಲವು ತುಂಡು ಮಾಡಿದ್ದಾರೆ: ಪ್ರೋಗ್ರಾಂ, ಅದರ ಸಾಮಗ್ರಿ, ಮ್ಯಾಜಿಕ್ ಉಪಕರಣಗಳು, ಸ್ಟ್ಯಾಂಪುಗಳು, ಹೊಂದಿಸುವ ಪ್ರೋಗ್ರಾಂ. ತುಂಡು ಮಾಡಿದ್ದು ಸರಿ, ಏಕೆಂದರೆ ಚಿತ್ರ ಮತ್ತು ಶಬ್ದ ಎಲ್ಲ ಬಗೆಯ ಪ್ರೊಸೆಸರಿಗೂ ಒಂದೇ. ಹಾಗಾಗಿ ಅದನ್ನು ಸರ್ವರಿನಲ್ಲಿ ಒಂದೇ ಪ್ರತಿ ಇಟ್ಟರೆ ಸಾಕು. ಆದರೆ ಹೊಸಬರು ಎಡವುವುದೂ ಇಲ್ಲೇ. ಡಿಸ್ಕಿನಲ್ಲಿ ಜಾಗ ಕಡಿಮೆ ಅಂತ ಒಮ್ಮೆ 'ರೆಕಮೆಂಡ್ಸ್' ಬೇಡ ಅಂದು ಇನ್‌ಸ್ಟಾಲ್ ಮಾಡಿದ್ದೆ. ಸ್ಟ್ಯಾಂಪುಗಳು ಬರಲಿಲ್ಲ. ಮಗಳಿಗೆ ಟಕ್ಸ್ ಪೇಂಟ್ ಅಂದರೆ ಸ್ಟ್ಯಾಂಪು. ಅದನ್ನು ಒತ್ತಿದರೆ ಚಿತ್ರ ಬೀಳಬೇಕು, ಶಬ್ದ ಬರಬೇಕು. 'ಇದು ಅದಲ್ಲ' ಅಂದಳು. ಅವಳು ಹೇಳಿದ್ದು ಸರಿ.

ಹೊಂದಿಸುವ ಪ್ರೋಗ್ರಾಮನ್ನು ಬಹಳ ಜನ ನೋಡಿಯೇ ಇರುವುದಿಲ್ಲ. ದಯವಿಟ್ಟು ಹಾಕಿಕೊಳ್ಳಿ. ಪ್ರಿಂಟ್ ಬಟನ್ ತೆಗೆಯಬಹುದು. ತೆಗೆಯುವುದು ಬೇಡವಾದರೆ ಒಂದು ಪ್ರಿಂಟಿಗೂ ಇನ್ನೊಂದಕ್ಕೂ ನಡುವೆ ಇಂತಿಷ್ಟು ಸೆಕೆಂಡ್ ಅಂತ ಇಡಬಹುದು. ಹಳೆಯ ಚಿತ್ರದ ಮೇಲೆಯೇ ಉಳಿಸಬೇಕೋ, ಪ್ರತಿ ಸಲ ಹೊಸದಾಗಿ ಉಳಿಸಬೇಕೋ ಅನ್ನುವುದನ್ನೂ ಆರಿಸಬಹುದು. ನಾವು ಹೊಸದಾಗಿ ಅಂತ ಇಟ್ಟಿದ್ದೇವೆ. ಮಗ ಅಕ್ಕನ ಚಿತ್ರದ ಮೇಲೆ ಕಪ್ಪು ಬಳಿದ ದಿನದಿಂದ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಟಕ್ಸ್ ಮ್ಯಾಥ್ ಹಳೆಯದು, ಆದರೂ ಮಗ್ಗಿ ಅಭ್ಯಾಸಕ್ಕೆ ಈಗಲೂ ಚೆನ್ನಾಗಿದೆ. ಕೆಟರ್ಟಲ್ ಮಗಳಿಗೆ ಪ್ರೋಗ್ರಾಮಿಂಗ್‌ನ ಮೊದಲ ರುಚಿ ಕೊಟ್ಟಿತು. ಭೂಗೋಳ ಕಲಿಸುವ ಕೆಜಿಯಾಗ್ರಫಿ, ಮೂಲವಸ್ತುಗಳ ಆವರ್ತ ಕೋಷ್ಟಕ ತೋರಿಸುವ ಕಾಲ್ಸಿಯಂ ಎರಡೂ ಇನ್‌ಸ್ಟಾಲ್ ಮಾಡಿದ ಹಾಗೇ ನಡೆದವು, ಒಮ್ಮೆಯೂ ತೊಂದರೆ ಕೊಟ್ಟಿಲ್ಲ.

ನೋವಾದದ್ದು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಆವೃತ್ತಿ, ಪೈಥಾನ್ 2, ಹೋದಾಗ. ಅದರ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು. ಡಿಸ್ಟ್ರೋಗಳು ಅದನ್ನು ನಂಬಿದ್ದ ಪ್ಯಾಕೇಜುಗಳನ್ನು ಒಂದೊಂದಾಗಿ ತೆಗೆದವು. ಬಿಡುವಿನಲ್ಲಿ ಒಬ್ಬರೋ ಇಬ್ಬರೋ ಬರೆದ ಪುಟ್ಟ ಪ್ರೋಗ್ರಾಮುಗಳನ್ನು ಪೈಥಾನ್ 3ಕ್ಕೆ ಬದಲಿಸಲು ಕೆಲವು ಸಲ ಯಾರೂ ಇರಲಿಲ್ಲ. ಮಗಳು ಇಷ್ಟಪಡುತ್ತಿದ್ದ ಒಂದು ಪದಗಳ ಆಟ ಹಾಗೆ ಹೋಯಿತು. ತೆಗೆದವರ ಮೇಲೆ ನನಗೆ ಸಿಟ್ಟಿಲ್ಲ. ನೋಡಿಕೊಳ್ಳುವವರಿಲ್ಲದ ಪ್ಯಾಕೇಜನ್ನು ಮಕ್ಕಳ ಕಂಪ್ಯೂಟರಿನಲ್ಲಿ ಇಡುವುದು ಸರಿಯಲ್ಲ. ಆದರೆ ಅದನ್ನು ಮಗುವಿಗೆ ಹೇಗೆ ಹೇಳುವುದು?

ಆ ಆಟದ ಕಾರಣಕ್ಕೇ ನಾನು ಪ್ಯಾಕೇಜ್ ಮಾಡುವುದನ್ನು ಕಲಿತೆ. ಕೋಡ್ ಅಷ್ಟು ದೊಡ್ಡದಿರಲಿಲ್ಲ. ಎರಡು ವಾರದಲ್ಲಿ ಪೈಥಾನ್ 3ರಲ್ಲಿ ಓಡಿತು. ಡೆಬಿಯನ್‌ನ ಪ್ಯಾಕೇಜ್ ಕಟ್ಟಲು ನೆರವಾಗುವ ಡೆಬ್‌ಹೆಲ್ಪರ್ ಇದ್ದರೆ ಪ್ಯಾಕೇಜ್ ಕಟ್ಟುವುದೂ ಕಷ್ಟವಲ್ಲ. ಕಷ್ಟವಾದದ್ದು ಕಾಪಿರೈಟ್ ಫೈಲು. ಮಕ್ಕಳ ಪ್ರೋಗ್ರಾಂ ಅಂದರೆ ಕೋಡಿಗಿಂತ ಚಿತ್ರ, ಶಬ್ದ, ಅಕ್ಷರವಿನ್ಯಾಸಗಳೇ ಜಾಸ್ತಿ. ಯಾವುದನ್ನು ಯಾರು ಮಾಡಿದರು, ಯಾವ ಪರವಾನಗಿ ಅನ್ನುವುದಕ್ಕೆಲ್ಲ ಲೆಕ್ಕ ಕೊಡಬೇಕು. 'ವ್ಯಾಪಾರಕ್ಕೆ ಬಳಸಬಾರದು' ಅನ್ನುವ ಷರತ್ತಿನ ಚಿತ್ರ ಡೆಬಿಯನ್‌ನ ಮುಖ್ಯ ಭಾಗಕ್ಕೆ ಸೇರುವ ಹಾಗಿಲ್ಲ. ನಾಯಿ ಬೊಗಳುವ ಒಂದು ಶಬ್ದ ಎಲ್ಲಿಂದ ಬಂತು ಅಂತ ತಿಳಿಯಲೇ ಇಲ್ಲ. ಕೊನೆಗೆ ಅದನ್ನು ತೆಗೆದು, ನಾವೇ ರೆಕಾರ್ಡ್ ಮಾಡಿದ ಶಬ್ದ ಹಾಕಿದೆವು. ಅದನ್ನು ಉಚಿತವಾಗಿ ಯಾರು ಬೇಕಾದರೂ ಬಳಸಬಹುದು ಅಂತ ಬರೆದೆವು. ಈ ಕೆಲಸ ಮಾಡಿದ ಮೇಲೆ, ಟಕ್ಸ್ ಪೇಂಟ್‌ನಂಥ ಸಾವಿರಾರು ಚಿತ್ರ ಶಬ್ದಗಳ ಪ್ಯಾಕೇಜನ್ನು ವರ್ಷಗಟ್ಟಲೆ ಸಂಬಳವಿಲ್ಲದೆ ನೋಡಿಕೊಳ್ಳುವವರ ಮೇಲೆ ನನಗಿದ್ದ ಗೌರವ ಬಹಳ ಹೆಚ್ಚಾಯಿತು.

ಈಗ ಎಲ್ಲರೂ ಕೇಳುವ ಪ್ರಶ್ನೆ: ಇಷ್ಟೆಲ್ಲ ಏಕೆ, ಫ್ಲಾಟ್‌ಪ್ಯಾಕ್ ಹಾಕಿದರೆ ಆಗಲ್ವಾ? ಫ್ಲಾಟ್‌ಪ್ಯಾಕ್ ಅಂದರೆ ಬೇರೆ ಬೇರೆ ಡಿಸ್ಟ್ರೋಗಳಲ್ಲಿ ನಡೆಯುವ ಹಾಗೆ ಕಟ್ಟಿದ ಪ್ಯಾಕೇಜು. ಎರಡು ವರ್ಷ ಬಳಸಿ ನೋಡಿದೆ. ಹೊಸ ಆವೃತ್ತಿ ಬೇಗ ಸಿಗುತ್ತದೆ, ಅದು ನಿಜ. ಡೆಬಿಯನ್ ಸ್ಟೇಬಲ್, ಅಂದರೆ ಅದರ ಸ್ಥಿರ ಆವೃತ್ತಿ, ಸುಮಾರು ಎರಡು ವರ್ಷಕ್ಕೊಮ್ಮೆ ಬರುತ್ತದೆ. ಅಲ್ಲಿಯವರೆಗೆ ಆಟಗಳ ಆವೃತ್ತಿ ಹಳೆಯದೇ. ಮಕ್ಕಳಿಗೆ ಇದು ತೊಂದರೆ ಅಂತ ನನಗೆ ಅನ್ನಿಸಿಲ್ಲ. ನಿನ್ನೆ ಇದ್ದ ಜಾಗದಲ್ಲೇ ಇವತ್ತೂ ಬಟನ್ ಇರುವುದು ಅವರಿಗೆ ಇಷ್ಟ. ಫ್ಲಾಟ್‌ಪ್ಯಾಕ್‌ನಲ್ಲಿ ಪ್ರತಿ ಪ್ರೋಗ್ರಾಮಿಗೂ ತನ್ನದೇ ಫೋಲ್ಡರ್ ಇರುತ್ತದೆ. ಡಿಸ್ಟ್ರೋ ಪ್ಯಾಕೇಜಿನಿಂದ ಅದಕ್ಕೆ ಬದಲಾಯಿಸಿದಾಗ ನಮ್ಮಲ್ಲಿ ಹಳೆಯ ಚಿತ್ರಗಳು ಕಾಣಲೇ ಇಲ್ಲ. ಮಗ ಅತ್ತ. ಫೈಲುಗಳು ಎಲ್ಲೂ ಹೋಗಿರಲಿಲ್ಲ, ಹೊಸ ಪ್ರೋಗ್ರಾಂ ಬೇರೆ ಕಡೆ ನೋಡುತ್ತಿತ್ತು ಅಷ್ಟೇ. ನಕಲು ಮಾಡಿ ಕೊಟ್ಟೆ. ರನ್‌ಟೈಮ್‌ಗಳ, ಅಂದರೆ ಪ್ರೋಗ್ರಾಂ ನಡೆಯಲು ಜೊತೆಗೆ ಬರುವ ಸಾಮಗ್ರಿಯ, ತೂಕವೂ ಇದೆ. ಒಂದು ಪುಟ್ಟ ಆಟಕ್ಕಾಗಿ ನೂರಾರು ಎಂಬಿ ಇಳಿಸುವುದು ಚಿಕ್ಕ ಡಿಸ್ಕಿನ ಹಳೆ ಲ್ಯಾಪ್‌ಟಾಪಿಗೆ ಹೊರೆ.

ಆದರೆ ಬ್ಲಾಕುಗಳನ್ನು ಜೋಡಿಸಿ ಪ್ರೋಗ್ರಾಂ ಬರೆಯುವ ಸ್ಕ್ರ್ಯಾಚ್ ಬೇಕು ಅಂದಾಗ ಫ್ಲಾಟ್‌ಪ್ಯಾಕೇ ಕಾಪಾಡಿತು. 2019ರಲ್ಲಿ ಬಂದ ಸ್ಕ್ರ್ಯಾಚ್ 3 ಬ್ರೌಸರಿನಲ್ಲಿ ನಡೆಯುತ್ತದೆ. ನೆಟ್ ಇಲ್ಲದೆ ಬಳಸಲು ಅದರ ಮೇಲೆ ಕಟ್ಟಿದ ಟರ್ಬೋವಾರ್ಪ್ ಇದೆ. ಅದನ್ನು ನಾವು ಫ್ಲಾಟ್‌ಪ್ಯಾಕ್‌ಗಳು ಸಿಗುವ ಫ್ಲಾಟ್‌ಹಬ್‌ನಿಂದ ಹಾಕಿಕೊಂಡಿದ್ದೇವೆ. ಮಗಳು ದಿನಾ ಬಳಸುತ್ತಾಳೆ. ವಯಸ್ಸಿನ ಮಿತಿ ಇಡುವ ಸೌಲಭ್ಯವೂ ಫ್ಲಾಟ್‌ಪ್ಯಾಕ್ ಜೊತೆಗೆ ಚೆನ್ನಾಗಿ ಹೊಂದುತ್ತದೆ. ಪ್ರೋಗ್ರಾಂ ಮಾಡಿದವರು ಅದರಲ್ಲಿ ಹಿಂಸೆ ಇದೆಯೇ, ಹರಟೆ ಇದೆಯೇ, ಹಣ ಕೇಳುತ್ತದೆಯೇ ಅಂತ ಒಂದು ಫೈಲಿನಲ್ಲಿ ಬರೆದಿಟ್ಟಿರುತ್ತಾರೆ. ಅದನ್ನು ಓದಿ, ಗ್ನೋಮ್ ಅನ್ನುವ ಡೆಸ್ಕ್‌ಟಾಪ್‌ನ ಪೋಷಕರ ನಿಯಂತ್ರಣ ಕೆಲವನ್ನು ಮರೆಮಾಡುತ್ತದೆ. ಆ ಫೈಲು ತುಂಬದೆ ಬಿಟ್ಟ ಪ್ಯಾಕೇಜುಗಳೂ ಇವೆ. ಪ್ಯಾಕೇಜ್ ಮಾಡುವವರು ಅರ್ಧ ಗಂಟೆ ಕೊಟ್ಟು ಅದನ್ನು ತುಂಬಿದರೆ ಅಪ್ಪ ಅಮ್ಮಂದಿರಿಗೆ ದೊಡ್ಡ ಉಪಕಾರ.

ಒಂದು ಚಿಂತೆ ಉಳಿದಿದೆ. ಮಕ್ಕಳ ಕೈಗೆ ಬರುವುದು ಸಾಮಾನ್ಯವಾಗಿ ಮನೆಯ ಅತಿ ಹಳೆಯ ಯಂತ್ರ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ (ಹಳೆಯ ಬಗೆಯ ಪ್ರೊಸೆಸರ್ ಇರುವವು) ಇನ್‌ಸ್ಟಾಲರ್ ಇಲ್ಲ, ಲಿನಕ್ಸಿನ ತಿರುಳಾದ ಕರ್ನಲ್ ಇಲ್ಲ. ನಮ್ಮ ಲ್ಯಾಪ್‌ಟಾಪ್ 64 ಬಿಟ್‌ನದು, ಹಾಗಾಗಿ 13ಕ್ಕೆ ಏರಿತು. ಶಾಲೆಗೆ ಹಾಕಿಕೊಟ್ಟ ಹತ್ತರಲ್ಲಿ ಮೂರು ಮಾತ್ರ 32 ಬಿಟ್‌ನವು. ಅವು 12ರಲ್ಲೇ ಇವೆ. ಮುಂದಿನ ರಜೆಯಲ್ಲಿ ಅಲ್ಲಿಗೆ ಹೋದಾಗ ಆ ಮೂರಕ್ಕೆ ಬದಲಿ ಹುಡುಕಬೇಕು. ಧ್ವನಿ ಫೋಲ್ಡರ್ ಇರುವ ಪೆನ್‌ಡ್ರೈವ್ ಈಗಲೇ ಚೀಲದಲ್ಲಿ ಹಾಕಿಟ್ಟಿದ್ದೇನೆ.